ನಾಲ್ಕನೆಯ ಕೆಲಸ ಮರೆತ ಶಾಲಾ ವ್ಯಾನಿನ ಇಂಜಿನ್ನಿಗೆ

ಮಾನ್ಯ ಇಂಜಿನ್ ಮಹೋದಯರೇ,

ಬಾನೆಟ್ಟಿನ ಕೆಳಗೆ ಆಯಿಲ್ ಸ್ನಾನ ಮಾಡಿಕೊಂಡು ತಾವು ಕ್ಷೇಮವಾಗಿರುವಿರೆಂದು ನಂಬಿ, ತಾವು ದಿನವೂ ಹೊತ್ತು ತರುವ ಇಪ್ಪತ್ತೆರಡು ಮಕ್ಕಳ ಟೀಚರಾದ ನಾನು ತಲೆಬಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಶನಿವಾರ ತಾವು ನನ್ನ ಮಾನ ಕಳೆದಿರಿ.

ತಮ್ಮನ್ನು ನಾನು ಹೊಗಳಿದ್ದು ಅಷ್ಟಿಷ್ಟಲ್ಲ. ತಮ್ಮ ಹೊಟ್ಟೆಯಲ್ಲಿ ನಾಲ್ಕು ಡಬ್ಬಗಳಿವೆ, ಒಂದೊಂದರಲ್ಲೂ ಪಿಸ್ಟನ್ ಎಂಬ ಬಿರಡೆಯಿದೆ, ಅದು ಕೆಳಗಿಳಿದು ಗಾಳಿಯನ್ನೂ ಪೆಟ್ರೋಲನ್ನೂ ಸೇದುತ್ತದೆ, ಮೇಲೇರಿ ಹಿಸುಕುತ್ತದೆ, ಕಿಡಿ ತಗುಲಿ ಢಂ ಎಂದಾಗ ದಬ್ಬನೆ ಕೆಳಗೆ ಹೋಗುತ್ತದೆ, ಮತ್ತೆ ಮೇಲೇರಿ ಹೊಗೆಯನ್ನು ಹಿಂದಿನ ಕೊಳವೆಯಿಂದ ಆಚೆ ಬಿಡುತ್ತದೆ. ಸೈಕಲ್ ತುಳಿಯುವಾಗ ಮಂಡಿ ಏರಿಳಿದರೆ ಚಕ್ರ ತಿರುಗುವ ಹಾಗೆ ಈ ಏರಿಳಿತವೇ ವ್ಯಾನನ್ನು ಓಡಿಸುತ್ತದೆ ಎಂದೆಲ್ಲ ಹೇಳಿ, ಮಕ್ಕಳನ್ನು ಸಾಲಾಗಿ ಏಳಿಸಿ ಕೂರಿಸಿ 'ಸೇದು, ಹಿಸುಕು, ಢಂ, ಬಿಡು' ಎಂದು ಕುಣಿಸಿದೆ. ಅವರು ಮನೆಗೆ ಹೋಗಿ ಹಾಲಿನ ಲೋಟ ಹಿಡಿದು ಅದನ್ನೇ ಮಾಡಿದರು. ಮೂರನೆಯ ಹಂತ ಅಜ್ಜಂದಿರ ಅಂಗಿಯ ಮೇಲೆ ನಡೆಯಿತು.

ಮನೆಮನೆಯಿಂದ ದೂರು ಬಂತು. ಶನಿವಾರ ಪೋಷಕರೆದುರು ತಮ್ಮನ್ನು ಓಡಿಸಿ ಪಾಠ ಮಾಡಿ ತೋರಿಸಬೇಕು, ತಪ್ಪಿದರೆ ಸೋಮವಾರದಿಂದ ಇಂಜಿನ್ನೂ ಇಲ್ಲ ಕುಣಿತವೂ ಇಲ್ಲ, ಬರೀ ಅಕ್ಷರ ತಿದ್ದಿಸಬೇಕು ಎಂದು ಮುಖ್ಯೋಪಾಧ್ಯಾಯಿನಿಯವರು ಅಪ್ಪಣೆ ಕೊಟ್ಟರು. ಹೆದರಿಕೆಗೆ ನನಗೆ ಎರಡು ದಿನ ಊಟ ಸೇರಲಿಲ್ಲ. ತಾವಾದರೋ, ಡ್ರೈವರ್ ಮಾಮ ಕೀ ತಿರುಗಿಸಿದೊಡನೆ ಎರಡು ಸಲ ಕೆಮ್ಮಿ, ಒಮ್ಮೆ ನಡುಗಿ, ತಣ್ಣಗೆ ನಿಂತುಬಿಟ್ಟಿರಿ. ತಮ್ಮ ಸಮಯಪ್ರಜ್ಞೆಗೆ ಸನ್ಮಾನವನ್ನೇ ಮಾಡಿಸಬೇಕು.

ಆಗ, ವರ್ಷವಿಡೀ ತರಗತಿಯಲ್ಲಿ ತುಟಿ ಬಿಚ್ಚದ, ನಾವೆಲ್ಲ ಗುಬ್ಬಿ ಎನ್ನುವ ಹುಡುಗಿ ಮುಂದೆ ಬಂದು, "ಮಿಸ್, ಅದು ಬಿಡ್ತಾನೇ ಇಲ್ಲ. ಹಳೇದು ಬಿಡದೆ ಹೊಸದು ಹೇಗೆ ಸೇದುತ್ತೆ?" ಎಂದಳು. ನನಗೆ ಅಳು ಬರುವಷ್ಟು ಸಂತೋಷವಾಯಿತು. ಬಿಡುವುದಾದರೂ ಹೇಗೆ? ಕೆಮ್ಮುವಾಗ ಬಾಯಿ ಮುಚ್ಚಿಕೊಳ್ಳಬೇಕೆಂಬುದು ನಮ್ಮ ತರಗತಿಯ ನಿಯಮ. ಬೆಳಗ್ಗೆ ತಾವು ಕೆಮ್ಮಿದ್ದನ್ನು ಕೇಳಿ, ಪಾಪ ಇದಕ್ಕೆ ಕೈಯಿಲ್ಲವಲ್ಲ ಎಂದು ಮರುಗಿದ ಹಿಂದಿನ ಸೀಟಿನ ಮಕ್ಕಳು ತಮ್ಮ ಹೊಗೆಕೊಳವೆಗೆ ಐದು ಕಾಲುಚೀಲ ತುರುಕಿದ್ದರು. ಮುಖ್ಯೋಪಾಧ್ಯಾಯಿನಿಯವರು ಕೊಳವೆಯೊಳಗೆ ನೋಡೋಣವೆಂದು ಬಗ್ಗಿದರು, ಡ್ರೈವರ್ ಮಾಮ ಉತ್ಸಾಹ ತಡೆಯಲಾರದೆ ಇನ್ನೊಮ್ಮೆ ಕೀ ತಿರುಗಿಸಿದರು, ತಾವು ಬಾಕಿ ಉಳಿದಿದ್ದ ನಾಲ್ಕನೆಯ ಕೆಲಸವನ್ನು ಒಂದೇ ಏಟಿಗೆ ಮುಗಿಸಿದಿರಿ.

ಆದಕಾರಣ, ಇನ್ನು ಮುಂದೆ ಕೆಮ್ಮು ಬಂದರೆ ತಾವು ಕೈಯೆತ್ತಿ ನನ್ನ ಅನುಮತಿ ಪಡೆಯಬೇಕೆಂದೂ, ಪೋಷಕರ ಸಭೆಯಿದ್ದ ದಿನ ಮೈಗೆ ಹುಷಾರಿಲ್ಲದಿದ್ದರೆ ಹಿಂದಿನ ದಿನವೇ ರಜಾಚೀಟಿ ಕಳಿಸಬೇಕೆಂದೂ ಕೋರುತ್ತೇನೆ. ಅಂದ ಹಾಗೆ, ಶನಿವಾರ ಮುಖ್ಯೋಪಾಧ್ಯಾಯಿನಿಯವರು ಮುಖದ ಮಸಿಯನ್ನೂ ಹೆಗಲ ಮೇಲಿನ ಕಾಲುಚೀಲವನ್ನೂ ನಿಧಾನವಾಗಿ ತೆಗೆದು, ನನ್ನ ಕಿವಿಯಲ್ಲಿ, "ಸೋಮವಾರ ಸಾಲಿನಲ್ಲಿ ನನಗೂ ಒಂದು ಜಾಗ ಇಡಿ. ಢಂ ನಾನೇ ಆಗ್ತೀನಿ" ಎಂದರು.

ಏರುದಾರಿಯಲ್ಲಿ ಹಿಂದಿನಿಂದ ತಳ್ಳುತ್ತಲೇ ಬಂದಿರುವ,
ತಮ್ಮ ವಿಶ್ವಾಸಿ,
ಶಿಶುವಿಹಾರದ ಟೀಚರ್

ತಾ.ಕ.: ಮುಂದಿನ ಪಾಠ ಬ್ರೇಕು. ತಮ್ಮ ಆ ಸಹೋದ್ಯೋಗಿಗೆ ಈಗಲೇ ಒಂದು ಮಾತು ಹೇಳಿಡಿ. ತಮ್ಮಂತೆ ಅವರೂ ಜನರೆದುರು ಕೆಲಸ ಮರೆತರೆ, ದೂರು ಬರೆಯಲು ನಾನಿರುವುದಿಲ್ಲ.