ಆರು ಹೇಂಟೆಗಳ ಯೋಜನೆ

ನಿವೃತ್ತನಾದ ಗಂಡಸನ್ನು ಮನೆಯಲ್ಲಿ ಎಲ್ಲಿ ಇಡಬೇಕೆಂಬುದು ಮುಂಬಯಿಯಲ್ಲಿ ಇನ್ನೂ ತೀರ್ಮಾನವಾಗದ ವಿಷಯ. ಫ್ರಿಜ್ಜಿಗೆ ಒಂದು ಮೂಲೆಯಿದೆ, ವಾಷಿಂಗ್ ಮೆಷಿನ್ನಿಗೆ ಬಚ್ಚಲಿನ ಪಕ್ಕ ಜಾಗವಿದೆ, ಗ್ಯಾಸ್ ಸಿಲಿಂಡರಿಗೂ ಅಡುಗೆ ಕಟ್ಟೆಯ ಕೆಳಗೆ ಒಂದು ಗೂಡಿದೆ. ಕಾಂದಿವಲಿಯ ಕಾರ್ಖಾನೆಯೊಂದರಲ್ಲಿ ಮೂವತ್ತೆರಡು ವರ್ಷ ಸ್ಟೋರ್‌ಕೀಪರನಾಗಿದ್ದು ಮನೆಗೆ ಬಂದ ನನಗೆ ಮಾತ್ರ ಏನೂ ಇಲ್ಲ. ಸೋಫಾದಲ್ಲಿ ಕೂತರೆ "ಗುಡಿಸಬೇಕು, ಏಳಿ" ಅನ್ನುತ್ತಾರೆ. ಎದ್ದು ಬಾಗಿಲಲ್ಲಿ ನಿಂತರೆ ಗಾಳಿಗೆ ಅಡ್ಡ ಅನ್ನುತ್ತಾರೆ. ಹಾಗಾಗಿ ನಾನು ಹಿತ್ತಿಲಿಗೆ ಹೋದೆ. ಹಿತ್ತಿಲು ಅಂದರೆ ದೊಡ್ಡದಾಗಿ ಏನೂ ಕಲ್ಪಿಸಿಕೊಳ್ಳಬೇಡಿ. ನಮ್ಮದು ಭಾಂಡುಪಿನ ಹಳೆಯ ಬಿಲ್ಡಿಂಗಿನ ಗ್ರೌಂಡ್ ಫ್ಲೋರ್. ಅಡುಗೆಮನೆಯ ಬಾಗಿಲಿಗೂ ಕಂಪೌಂಡ್ ಗೋಡೆಗೂ ನಡುವೆ ನಾಲ್ಕು ಸ್ಕೂಟರ್ ನಿಲ್ಲುವಷ್ಟು ಮಣ್ಣಿದೆ. ಅಲ್ಲಿ ನಿಂತು ನೋಡುತ್ತಿದ್ದಾಗಲೇ ನನಗೆ ಕೋಳಿ ಹೊಳೆದದ್ದು.

ಹೆಂಡತಿ ವಾರಿಜ ಬಂಗುಡೆ ಮೀನು ತೊಳೆಯುತ್ತಿದ್ದಳು. ಆ ಜಾಗದಲ್ಲಿ ಅಬ್ಬಲಿಗೆ ನೆಡಬೇಕೆಂಬುದು ಅವಳ ಬಹುಕಾಲದ ಆಸೆ. ಕೋಳಿ ಸಾಕುವ ವಿಷಯ ತೆಗೆದಾಗ ತಲೆಯೆತ್ತದೆಯೇ ಹೇಳಿದಳು: "ಆರು ಹೇಂಟೆ. ಒಂದೂ ಹೆಚ್ಚು ಬೇಡ. ವರ್ಷದೊಳಗೆ ನನ್ನ ಕೈಗೆ ಮೊಟ್ಟೆ ಬರದಿದ್ದರೆ ಜಾಗ ನನ್ನದು. ಮತ್ತೆ ನೀವು ಅತ್ತ ಕಾಲಿಡಲಿಕ್ಕಿಲ್ಲ." ಸೊಸೈಟಿಯ ಸೆಕ್ರೆಟರಿ ಸಾವಂತರ ಹತ್ತಿರ ಹೋದೆ. ಅವರು ಕನ್ನಡಕ ಸರಿಮಾಡಿಕೊಂಡು, "ಶೆಟ್ಟಿಸಾಬ್, ಮುರ್ಗಿ ಚಲೇಗಾ. ಮುರ್ಗಾ ನಹೀಂ ಚಲೇಗಾ," ಎಂದರು. ಹೇಂಟೆ ಸರಿ, ಹುಂಜ ಕೂಡದು. ಮುಂಜಾನೆ ಕೂಗಿ ಜನರ ನಿದ್ದೆ ಕೆಡಿಸಿದರೆ ಕಂಪ್ಲೇಂಟು ತನ್ನ ತಲೆಗೇ ಬರುತ್ತದಂತೆ. ಹುಂಜ ಸಾಕುವುದಿಲ್ಲವೆಂದು ಕಾಗದದಲ್ಲಿ ಬರೆಸಿ ಸಹಿ ಹಾಕಿಸಿಕೊಂಡರು. ಸಹಿ ಹಾಕುವುದೆಂದರೆ ನನಗೆ ಮೂವತ್ತೆರಡು ವರ್ಷದ ಅಭ್ಯಾಸ. ಓದದೆಯೇ ಹಾಕಿದೆ.

ಇನ್ನು ಯೋಜನೆ. ಅಂಗಡಿಗೆ ಹೋಗಿ ಆರು ಕೋಳಿ ತಂದರೆ ಮುಗಿಯಿತಲ್ಲ ಎಂದು ನೀವು ಕೇಳಬಹುದು. ಮಗಳು ಅಶ್ವಿನಿಯೂ ಅದನ್ನೇ ಕೇಳಿದಳು. ಆದರೆ ಹ್ಯಾಚರಿ ಕೋಳಿಯ ಮೊಟ್ಟೆಗೆ ರುಚಿ ಇಲ್ಲವೆಂದು ವಾರಿಜಳ ವಾದ. ಊರುಕೋಳಿಯ ಮೊಟ್ಟೆ ದಿನಾ ಸಿಗುವುದಿಲ್ಲವೆಂದು ನನ್ನ ವಾದ. ಮೂರು ಊರುಕೋಳಿ, ಮೂರು ಹ್ಯಾಚರಿ ಕೋಳಿ ಎಂದು ಒಪ್ಪಂದವಾಯಿತು. ವಸಾಯಿಯ ಕಡೆ ಕೋಳಿ ಸಾಕುವ ಮನೆಯೊಂದರಿಂದ ಹನ್ನೆರಡು ಮೊಟ್ಟೆ ತಂದು ನಾನೇ ಮರಿ ಮಾಡಿಸುವುದು. ಹನ್ನೆರಡರಲ್ಲಿ ಅರ್ಧ ಒಡೆದರೆ ಆರು ಮರಿ. ಅದರಲ್ಲಿ ಅರ್ಧ ಹೇಂಟೆ, ಅಂದರೆ ಮೂರು. ಹುಂಜಗಳು ಗುರುತಿಗೆ ಬಂದ ಕೂಡಲೇ ವಸಾಯಿಗೆ ವಾಪಸ್. ಪ್ರಾಯದಲ್ಲಿ ವ್ಯತ್ಯಾಸವಿದ್ದರೆ ಮರಿಗಳು ಕುಕ್ಕಿಕೊಳ್ಳುತ್ತವೆ, ಆದ್ದರಿಂದ ಇಪ್ಪತ್ತೊಂದನೆಯ ದಿನವೇ ಹ್ಯಾಚರಿಯ ಮರಿಗಳೂ ಬರಬೇಕು. ಇದನ್ನೆಲ್ಲ ಗೆರೆ ಎಳೆದು ಚಾರ್ಟ್ ಮಾಡಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ.

ಹ್ಯಾಚರಿಗೆ ಫೋನ್ ಮಾಡಿದೆ. "ಹೇಂಟೆ ಮರಿ ಬೇಕು, ಮೂರು."

"ಮುನ್ನೂರಾ?" ಎಂದು ಹಿಂದಿಯಲ್ಲಿ ಕೇಳಿದ ಆ ಕಡೆಯವನು.

"ಅಲ್ಲ, ಮೂರು."

"ಮೂರು ಸಾವಿರವಾ?"

"ಮೂರಪ್ಪಾ! ಒಂದು, ಎರಡು, ಮೂರು!"

ಐವತ್ತಕ್ಕಿಂತ ಕಡಿಮೆ ಕಳಿಸುವುದಿಲ್ಲವಂತೆ. ನಾಲ್ಕು ದಿನ ಬೆನ್ನು ಬಿಡದೆ ಫೋನ್ ಮಾಡಿದ ಮೇಲೆ, ನನ್ನ ಕಾಟ ತಪ್ಪಿದರೆ ಸಾಕೆಂದು ಒಂದು ದಾರಿ ಹೇಳಿದ. ವಡಾಲದಲ್ಲಿ ಒಬ್ಬರಿಗೆ ಪೆಟ್ಟಿಗೆಗಟ್ಟಲೆ ಮರಿ ಹೋಗುತ್ತದೆ, ಅದರಲ್ಲೇ ನಿಮ್ಮ ಮೂರನ್ನೂ ಹಾಕುತ್ತೇನೆ, ಅಲ್ಲಿಂದ ತೆಗೆದುಕೊಂಡು ಹೋಗಿ ಎಂದ.

ಇತ್ತ ಮೀನಿನವಳ ಹತ್ತಿರ ಬೇಡಿ ತಂದ ಥರ್ಮೋಕೋಲ್ ಪೆಟ್ಟಿಗೆಗೆ ಬಲ್ಬು ಸಿಕ್ಕಿಸಿ, ಒಂದು ಬಟ್ಟಲು ನೀರಿಟ್ಟು, ಥರ್ಮಾಮೀಟರ್ ತೂಗುಹಾಕಿ ಮೊಟ್ಟೆಗಳನ್ನು ಇಟ್ಟೆ. ದಿನಕ್ಕೆ ಮೂರು ಬಾರಿ ಅವುಗಳನ್ನು ಹೊರಳಿಸಬೇಕು. ಗುರುತಿಗೆಂದು ಪೆನ್ಸಿಲ್‌ನಲ್ಲಿ ಒಂದು ಬದಿಗೆ 'ಅ', ಇನ್ನೊಂದು ಬದಿಗೆ 'ಆ' ಬರೆದೆ. ನಮ್ಮ ಮನೆಯವರಿಗೆ ಇದರ ಗಾಂಭೀರ್ಯ ಅರ್ಥವಾಗಲೇ ಇಲ್ಲ. ವಾರಿಜ ಇಡ್ಲಿಗೆ ರುಬ್ಬಲು ಬಲ್ಬಿನ ಪ್ಲಗ್ ಕಿತ್ತು ಗ್ರೈಂಡರ್ ಸಿಕ್ಕಿಸಿದಳು. ಅಶ್ವಿನಿ ಅದೇ ಪ್ಲಗ್ಗಿಗೆ ಮೊಬೈಲ್ ಹಾಕಿದಳು. ಎಂಟನೆಯ ದಿನ ಮೊಟ್ಟೆಗೆ ಬೆಳಕು ಬಿಟ್ಟು ಒಳಗೆ ಜೀವವಿದೆಯೇ ಎಂದು ನೋಡಬೇಕಿತ್ತು. ಅದಕ್ಕೆ ಕತ್ತಲೆ ಬೇಕು. ನಮ್ಮ ಮನೆಯಲ್ಲಿ ಹಗಲು ಹೊತ್ತು ಕತ್ತಲೆ ಇರುವುದು ಬಚ್ಚಲಿನಲ್ಲಿ ಮಾತ್ರ. ಬಾಗಿಲು ಹಾಕಿ ಮೊಬೈಲಿನ ಟಾರ್ಚ್ ಹಿಡಿದು ಕೂತಿದ್ದೆ. ಹೊರಗಿನಿಂದ ಅಶ್ವಿನಿ ಬಾಗಿಲು ಬಡಿದಳು. "ಪಪ್ಪಾ, ನನ್ನ ಲೋಕಲ್ ಮಿಸ್ ಆಗ್ತದೆ! ಅರ್ಧ ಗಂಟೆಯಿಂದ ಒಳಗೆ ಏನ್ ಮಾಡ್ತಿದ್ದೀರಿ?"

"ಮೊಟ್ಟೆ ನೋಡ್ತಾ ಇದ್ದೇನೆ!"

"ಮಮ್ಮೀ, ಪಪ್ಪಾ ಕೋ ಕುಛ್ ಹೋ ಗಯಾ ಹೈ," ಎಂದು, ಅಂದರೆ ಪಪ್ಪನಿಗೆ ಏನೋ ಆಗಿದೆ ಎಂದು, ಕೂಗುತ್ತಾ ಅವಳು ಅಡುಗೆಮನೆಗೆ ಓಡಿದ್ದು ಕೇಳಿಸಿತು.

ಇಪ್ಪತ್ತೊಂದನೆಯ ದಿನ ಹನ್ನೆರಡರಲ್ಲಿ ಒಂದೇ ಒಂದು ಮೊಟ್ಟೆ ಒಡೆಯಿತು. ಇಪ್ಪತ್ತೆರಡು ಕಳೆಯಿತು, ಇಪ್ಪತ್ತಮೂರು ಕಳೆಯಿತು, ಉಳಿದ ಹನ್ನೊಂದು ಹಾಗೆಯೇ ಕೂತಿದ್ದವು. ನಾನು ಗ್ರೈಂಡರನ್ನು ಬೈದೆ, ಮೊಬೈಲನ್ನು ಬೈದೆ. ಅಶ್ವಿನಿ ತಣ್ಣಗೆ, "ಪಪ್ಪಾ, ನೀವು ಹರ್ ದಸ್ ಮಿನಿಟ್ ಮುಚ್ಚಳ ಓಪನ್ ಮಾಡಿ ನೋಡ್ತಿದ್ರಿ. ಅಂಡೆಗೆ ಠಂಡಿ ಆಗುದಿಲ್ವಾ?" ಎಂದಳು. ಹತ್ತು ನಿಮಿಷಕ್ಕೊಮ್ಮೆ ತೆರೆದು ಮೊಟ್ಟೆ ತಣ್ಣಗಾಗಿಸಿದ್ದು ನಾನೇ ಎಂದು ಅವಳ ಲೆಕ್ಕ. ಚಾರ್ಟ್ ತಿದ್ದುವ ನೆಪದಲ್ಲಿ ಎದ್ದು ಹೋದೆ. ಹ್ಯಾಚರಿಗೆ ಫೋನ್ ಮಾಡಿ, ಮೂರಲ್ಲ, ಐದು ಕಳಿಸಿ ಎಂದೆ. ವಡಾಲದವರ ಪೆಟ್ಟಿಗೆಯೇ ತಡವಾಗಿದೆ, ಇನ್ನು ನಾಲ್ಕು ದಿನ ಬೇಕು ಎಂದ.

ಆ ನಾಲ್ಕು ದಿನ ನಾನು ಪಟ್ಟ ಪಾಡು ಯಾರಿಗೂ ಬೇಡ. ಒಂಟಿ ಮರಿ ಒಂದು ಕ್ಷಣ ಸುಮ್ಮನಿರುವುದಿಲ್ಲ ಎಂದು ನನ್ನ ಚಾರ್ಟಿನಲ್ಲಿ ಎಲ್ಲೂ ಇರಲಿಲ್ಲ. ಬಲ್ಬಿನ ಬಿಸಿ ಅದಕ್ಕೆ ಸಾಲದು, ಜನ ಬೇಕು. ಕೈಯಲ್ಲಿ ಹಿಡಿದರೆ ಸುಮ್ಮನೆ, ಕೆಳಗಿಟ್ಟರೆ ಇಡೀ ಬಿಲ್ಡಿಂಗಿಗೆ ಕೇಳುವಂತೆ ಚಿಂವ್ ಚಿಂವ್. ಕೊನೆಗೆ ಬನಿಯನ್ನಿನೊಳಗೆ ಹಾಕಿಕೊಂಡೆ. ಬನಿಯನ್ನಿನಲ್ಲಿ ಮರಿ ಇಟ್ಟುಕೊಂಡೇ ಊಟ, ಅದರ ಜೊತೆಗೇ ಪೇಪರ್. ಸ್ನಾನಕ್ಕೆ ಹೋದರೆ ಬಚ್ಚಲ ಬಾಗಿಲಲ್ಲಿ ನಿಂತು ಕಿರುಚುತ್ತಿತ್ತು. "ನಮ್ಮ ಅಶ್ವಿನಿ ಹುಟ್ಟಿದಾಗ ಒಂದು ದಿನ ಎತ್ತಿಕೊಂಡವರಲ್ಲ ಮಾರಾಯ್ರೆ ನೀವು," ಎಂದಳು ವಾರಿಜ. ಮಾತು ಚುಚ್ಚಿತು. ಆಗ ನನಗೆ ಓವರ್‌ಟೈಮ್ ಇರುತ್ತಿತ್ತು ಎಂದೆ. ಅವಳು ಮರಿಗೆಂದು ನುಚ್ಚನ್ನು ಇನ್ನಷ್ಟು ಸಣ್ಣಗೆ ಮಾಡಿ ತಂದಿಟ್ಟಳು.

ಐದನೆಯ ದಿನ ವಡಾಲಕ್ಕೆ ಹೋಗಿ ತೂತು ಕೊರೆದ ರಟ್ಟಿನ ಡಬ್ಬಿ ತಂದೆ. ಕುರ್ಲಾದಲ್ಲಿ ಗಾಡಿ ಬದಲಿಸುವಾಗ ನನ್ನ ಎದೆಗೆ ಅಂಟಿ ನಿಂತವನೊಬ್ಬ, "ಅಂಕಲ್, ಆಪ್ ಕಾ ಫೋನ್ ಬಜ್ ರಹಾ ಹೈ," ಎಂದ. ಹೌದು ಎಂದು ತಲೆಯಾಡಿಸಿದೆ. ಭಾಂಡುಪ್ ಬರುವವರೆಗೂ ನನ್ನ ಫೋನ್ ಐದು ಕೊರಳಲ್ಲಿ ರಿಂಗಾಗುತ್ತಲೇ ಇತ್ತು. ಮನೆಯಲ್ಲಿ ಹೊಸ ಐದನ್ನು ಹಳೆಯ ಒಂದರ ಜೊತೆ ಬಿಟ್ಟೆ. ಅರ್ಧ ಗಂಟೆಯೊಳಗೆ ಆರೂ ಒಂದಾಗಿ ಮುದ್ದೆಯಂತೆ ಮಲಗಿದವು. ನನ್ನ ಮರಿಯನ್ನು ಕರೆದೆ. ಒಂದು ಕಣ್ಣು ತೆರೆದು ನೋಡಿ, ಮತ್ತೆ ಮುಚ್ಚಿತು. ಅಷ್ಟೇ. ಆ ದಿನ ಬನಿಯನ್ ಬಹಳ ಸಡಿಲವೆನಿಸಿತು.

ಮುಂದೆ ಎಲ್ಲವೂ ಚಾರ್ಟಿನಂತೆಯೇ ನಡೆಯಿತು. ಹ್ಯಾಚರಿಯ ಐದೂ ಹೇಂಟೆಗಳೇ. ಮೊದಲ ಮೊಟ್ಟೆ ವರ್ಷ ತುಂಬುವ ಮೊದಲೇ ವಾರಿಜಳ ಕೈ ಸೇರಿತು. ರುಚಿ ಪರವಾಗಿಲ್ಲ ಎಂದೂ ಹೇಳಿದಳು. ತೊಂದರೆಯಾದದ್ದು ಬನಿಯನ್ನಿನಲ್ಲಿ ಬೆಳೆದದ್ದರಿಂದ. ಅದರ ತಲೆಯ ಮೇಲೆ ಕೆಂಪು ಜುಟ್ಟು ಎದ್ದಿತು, ಬಾಲ ಬಾಗಿತು, ಒಂದು ಬೆಳಿಗ್ಗೆ ಐದು ಗಂಟೆಗೆ ಗೋಡೆಯ ಮೇಲೆ ನಿಂತು ಭಾಂಡುಪಿಗೆಲ್ಲ ಕೇಳುವಂತೆ ಕೂಗಿತು. ನಾನು ಲುಂಗಿ ಬಿಗಿದುಕೊಂಡು ಓಡಿದೆ.

"ಹುಂಜ ತಾನೇ? ಆದಿತ್ಯವಾರ ಕೊಯ್ದು ಸುಕ್ಕ ಮಾಡುವ," ಎಂದಳು ವಾರಿಜ. ಅವಳು ತಮಾಷೆ ಮಾಡುತ್ತಿರಲಿಲ್ಲ. ವಸಾಯಿಗೆ ಬಿಟ್ಟು ಬರುವ ಎಂದರೆ ಅಲ್ಲಿಯೂ ಆದಿತ್ಯವಾರ ಇದ್ದೇ ಇದೆ. ನನಗಾಗಲಿಲ್ಲ. ಗೂಡಿಗೆ ಗೋಣಿ ಹೊದಿಸಿದೆ, ಗೋಣಿಯೊಳಗಿಂದ ಕೂಗಿತು. ಬೇಗ ಎದ್ದು ಕಾಳು ಹಾಕಿದೆ. ತಿಂದು, ಇನ್ನಷ್ಟು ಬಲ ಬಂದು ಕೂಗಿತು. ದಿನಾ ಐದು ಗಂಟೆಗೆ ಹಿತ್ತಿಲಲ್ಲಿ ನಿಂತು ಗದರುವುದೇ ನನ್ನ ಕೆಲಸವಾಯಿತು.

ಹತ್ತು ದಿನ ಕಳೆಯಿತು. ಒಂದು ಸಂಜೆ ಸಾವಂತರು ಬಂದರು. ಕೈಯಲ್ಲಿ ಕಾಗದ. ಅವರು ಬಾಯಿ ತೆರೆಯುವ ಮೊದಲೇ ನಾನು ಶುರುಮಾಡಿದೆ: ಇನ್ನೂ ಎಳೆಯದು, ತಾಯಿಯಿಲ್ಲದ್ದು, ನನ್ನ ಮೈಮೇಲೆಯೇ ಬೆಳೆದದ್ದು, ಒಂದು ತಿಂಗಳು ಸಮಯ ಕೊಡಿ.

"ಮುರ್ಗಾ?" ಸಾವಂತರಿಗೆ ಆಶ್ಚರ್ಯ. "ಮುರ್ಗೇ ಕಾ ಕಿಸೀ ಕೋ ಪ್ರಾಬ್ಲೆಮ್ ನಹೀಂ." ಹುಂಜದಿಂದ ಯಾರಿಗೂ ತೊಂದರೆಯಿಲ್ಲವಂತೆ. ಮೇಲಿನ ಮಾಳಿಗೆಯ ಅಜ್ಜಿ ಅದರ ಕೂಗಿಗೇ ಎದ್ದು ದೇವರ ದೀಪ ಹಚ್ಚುತ್ತಾರಂತೆ, ಮಕ್ಕಳು ಶಾಲೆಗೆ ತಡಮಾಡುವುದು ನಿಂತಿದೆಯಂತೆ. ಆ ಕಾಗದದಲ್ಲಿ ಹನ್ನೊಂದು ಮನೆಯವರ ಸಹಿ ಇತ್ತು. ಮರಾಠಿಯಲ್ಲಿ ಬರೆದದ್ದನ್ನು ಅವರು ಸಂಕೋಚದಿಂದಲೇ ಓದಿ ಹೇಳಿದರು: ಹುಂಜ ಒಂದು ಸಲ ಕೂಗಿ ಸುಮ್ಮನಾಗುತ್ತದೆ, ಆಮೇಲೆ "ಸುಮ್ಮನಿರೋ, ಸುಮ್ಮನಿರೋ" ಎಂದು ಮುಕ್ಕಾಲು ಗಂಟೆ ಕಿರುಚುವ ಶೆಟ್ಟಿಯವರನ್ನು ದಯವಿಟ್ಟು ಒಳಗಿರಿಸಬೇಕು.

ವಾರಿಜ ಒಳಗಿನಿಂದ ಪೆನ್ನು ತಂದು ಹನ್ನೆರಡನೆಯ ಸಹಿ ಹಾಕಿದಳು.