ಮೊಲದ ಸಾಲ

ಅಕ್ಕಿಹೆಬ್ಬಾಳಿನ ಬ್ಯಾಂಕಿಗೆ ಒಂಬತ್ತು ಸಾವಿರ ಕಟ್ಟಿ, ರಸೀತಿ ಮಡಿಸಿ ಜೇಬಿಗಿಟ್ಟುಕೊಂಡು ಹೊರಬಂದ ತಮ್ಮಯ್ಯ, ಮೂಟೆ ಇಳಿಸಿದ ಹಮಾಲಿಯ ಹಾಗೆ ಉಸಿರುಬಿಟ್ಟ. ಮೊಲ ಸಾಕಿ ಸಾಹುಕಾರನಾಗುತ್ತೇನೆಂದು ಎರಡು ವರ್ಷದ ಹಿಂದೆ ತೆಗೆದ ಸಾಲ ಅದು. ಮೊಲಗಳು ಹೆಚ್ಚಿದವು, ಕೊಳ್ಳುವವರು ಮಾತ್ರ ಹುಟ್ಟಲಿಲ್ಲ. ಸಾಲ ತೀರಿಸಲು ನಿನ್ನೆ ಎರಡು ಸೀಮೆಹಸುಗಳನ್ನೂ ಪಕ್ಕದ ಮನೆಯ ನರಸಯ್ಯನಿಗೆ ಮಾರಿದ್ದ. ಆಗಿನಿಂದ ಹೆಂಡತಿ ಸೋಮಮ್ಮ ಅವನೊಡನೆ ಮಾತು ಬಿಟ್ಟಿದ್ದಳು.

ಹೋಟೆಲಿನಲ್ಲಿ ಟೀ ಲೋಟ ತುಟಿಗಿಟ್ಟಿದ್ದನಷ್ಟೆ, ರೇಡಿಯೋ ಮಾತಾಡಿತು. ಇಂದಿನವರೆಗೆ ಬಾಕಿಯಿರುವ, ಹತ್ತು ಸಾವಿರದೊಳಗಿನ ಗ್ರಾಮೀಣ ಸಾಲಗಳೆಲ್ಲ ಮನ್ನಾ!

ಎದುರು ಬೆಂಚಿನಲ್ಲಿದ್ದ ಜವರಯ್ಯ ಎಗರಿ ನಿಂತ. ಅವನೂ ತಮ್ಮಯ್ಯನ ಊರಿನವನೇ, ಅವನದೂ ಮೊಲದ ಸಾಲವೇ. ಮೊಲಗಳನ್ನು ಒಂದೊಂದಾಗಿ ಮುದ್ದೆಯ ಜೊತೆ ಮುಗಿಸಿದ್ದ. ಕಂತು ಒಂದನ್ನೂ ಕಟ್ಟಿರಲಿಲ್ಲ.

"ನಾನು ಯೋಳ್ಲಿಲ್ವೇನ್ಲಾ, ಸರ್ಕಾರ ಕೈ ಬುಡಲ್ಲ ಅಂತ? ನಿಂದೂ ಮನ್ನಾ ಆಯ್ತಲ್ಲ, ಬೋಂಡ ಕೊಡುಸ್ಲಾ!"

"ನಾನು ಈಗ್ತಾನೆ ಕಟ್ಬುಟ್ಟು ಬಂದೆ ಕಣಣ್ಣ," ತಮ್ಮಯ್ಯ ಜೇಬಿನಿಂದ ರಸೀತಿ ತೆಗೆದು ತೋರಿಸಿದ.

"ಅಯ್ಯೋ ನಿನ್ ಮನೆ ಕಾಯ್ವಾಗ! ಟೈಮೆಷ್ಟು? ಒಂದೂವರೆ. ಎಲ್ಡು ಗಂಟೆಗೆ ಲೆಕ್ಕ ಮುಚ್ತಾರೆ. ಓಡ್ಲಾ!"

ಇಬ್ಬರೂ ಓಡಿದರು. ಸುದ್ದಿ ಕೇಳಿದ ಹೋಟೆಲಿನವರಲ್ಲಿ ಅರ್ಧ ಜನ ಬೆನ್ನಿಗೆ ಬಿದ್ದರು. ಕ್ಯಾಷಿಯರ್ ಅಶೋಕ್ ಆಗಲೇ ನೋಟಿನ ಕಟ್ಟುಗಳಿಗೆ ದಾರ ಸುತ್ತುತ್ತಿದ್ದ.

"ಸಾಮಿ, ನನ್ ದುಡ್ಡು ವಾಪಸ್ ಕೊಡಿ!"

"ಕಟ್ಟಿದ್ದನ್ನ ವಾಪಸ್ ಕೊಡೋಕೆ ಇದೇನು ಪಾತ್ರೆ ಅಂಗಡೀನಾ? ಮ್ಯಾನೇಜರ್ನ ಕೇಳಿ."

ಮ್ಯಾನೇಜರ್ ರಘುನಂದನ್ ಒಳ್ಳೆಯ ಮನುಷ್ಯ. ಆದರೆ ಫೋನಿನಲ್ಲಿದ್ದರು. ಗೋಡೆಯ ಗಡಿಯಾರದ ಮುಳ್ಳು ಒಂದು ಐವತ್ತಕ್ಕೆ ಬಂತು. ತಮ್ಮಯ್ಯನ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಫೋನು ಇಟ್ಟವರೇ ಎಲ್ಲ ಕೇಳಿಸಿಕೊಂಡು, "ಲೆಕ್ಕ ಇನ್ನೂ ಮುಚ್ಚಿಲ್ಲ. ಕಾರಣ ಬರೆದು ಸಹಿ ಮಾಡಿ ಅರ್ಜಿ ಕೊಡಿ, ನೋಡೋಣ," ಎಂದರು.

ಜವರಯ್ಯ ಗಟ್ಟಿಯಾಗಿ ಹೇಳಿಕೊಟ್ಟ, ತಮ್ಮಯ್ಯ ಬರೆದ: 'ನನ್ನಲ್ಲಿ ಹಣವಿದ್ದುದರಿಂದ ಪೂರ್ತಿ ಸಾಲ ಕಟ್ಟಿರುತ್ತೇನೆ. ಈಗ ಮನ್ನಾ ಆಗಿರುವುದರಿಂದ ವಾಪಸು ಕೊಡಬೇಕಾಗಿ ಪ್ರಾರ್ಥನೆ.'

ಎರಡು ಗಂಟೆಗೆ ಎರಡು ನಿಮಿಷವಿದೆ ಎನ್ನುವಾಗ ಒಂಬತ್ತು ಸಾವಿರ ಮತ್ತೆ ಅವನ ಕೈಗೆ ಬಂತು. ಜನ ಚಪ್ಪಾಳೆ ಹೊಡೆದರು. ಸಂಜೆಯೊಳಗೆ ನರಸಯ್ಯನಿಗೆ ಇನ್ನೂರು ಹೆಚ್ಚಿಗೆ ಕೊಟ್ಟು ಹಸುಗಳನ್ನು ಬಿಡಿಸಿಕೊಂಡು ಬಂದ. ಸೋಮಮ್ಮ ಮಾತಾಡಿದಳು, ಕಾಫಿಯನ್ನೂ ಕೊಟ್ಟಳು.

ಹದಿನೈದು ದಿನಕ್ಕೆ ಬ್ಯಾಂಕಿನ ಬಾಗಿಲಿಗೆ ಮನ್ನಾ ಆದವರ ಪಟ್ಟಿ ಅಂಟಿತು. ಜವರಯ್ಯನ ಹೆಸರಿತ್ತು. ತಮ್ಮಯ್ಯ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಓದಿದ. ತನ್ನದಿಲ್ಲ. ಏದುಸಿರು ಬಿಡುತ್ತ ಒಳಗೆ ನುಗ್ಗಿದ.

ರಘುನಂದನ್ ತಲೆ ತಗ್ಗಿಸಿದರು. "ಸರ್ಕಾರದಿಂದ ನಿಯಮ ಬಂತು ತಮ್ಮಯ್ಯನವರೇ. ಕಟ್ಟೋ ಶಕ್ತಿ ಇದ್ದೂ ಕಟ್ಟದವರಿಗೆ ಮನ್ನಾ ಇಲ್ವಂತೆ. ನೀವಿನ್ನು ದಂಡಬಡ್ಡಿ ಸೇರಿಸಿ ಕಟ್ಟಬೇಕು."

"ಜವರಣ್ಣ ಒಂದ್ ಕಾಸೂ ಕಟ್ನಿಲ್ವಲ್ಲ ಸಾಮಿ!"

"ಅವರಿಗೆ ಶಕ್ತಿ ಇತ್ತು ಅನ್ನೋಕೆ ನಮ್ಮ ಹತ್ರ ದಾಖಲೆ ಇಲ್ಲ. ನಿಮಗೆ ಇತ್ತು ಅಂತ ನೀವೇ ಬರೆದು ಸಹಿ ಹಾಕಿದ್ದೀರಿ."

ತಮ್ಮಯ್ಯ ಕುರ್ಚಿಗೆ ಕುಸಿದ. ಹಿಂದಿನಿಂದ ಹೆಗಲ ಮೇಲೊಂದು ಕೈ ಬಿತ್ತು. ಜವರಯ್ಯ! ಇನ್ನೊಂದು ಕೈಯಲ್ಲಿ ಹೊಸ ಸಾಲದ ಫಾರಂ.

"ಈ ಸಲ ಟರ್ಕಿ ಕೋಳಿ ಕಣ್ಲಾ, ಇಪ್ಪತ್ತು ಸಾವ್ರ. ಮ್ಯಾನೇಜರು ಜಾಮೀನು ಕೇಳ್ತಾವ್ರೆ. ಊರಲ್ಲಿ ಕಟ್ಟೋ ಶಕ್ತಿ ಐತೆ ಅಂತ ದಾಖಲೆ ಇರೋನು ನೀನೊಬ್ನೇ ಅಂತೆ. ಇಲ್ಲೊಂದು ರುಜು ಆಕ್ಬುಡು."