ಹೆಂಡತಿಯ ಕಂಪ್ಯೂಟರಿಗೆ ಗಂಡ ಮಾಡಿದ ಉಪಕಾರ

ವಿಮಾ ಕಚೇರಿಯ ಗುಮಾಸ್ತನಾದ ಆ ಗಂಡನಿಗೆ ಒಂದು ಚಪಲವಿತ್ತು. ಪರದೆಯ ಮೇಲೆ 'ಹೊಸ ವರ್ಷನ್ ಬಂದಿದೆ' ಎಂಬ ಸೂಚನೆ ಕಂಡರೆ ಅವನ ಬೆರಳು ಅವನ ಮಾತು ಕೇಳುತ್ತಿರಲಿಲ್ಲ. ತನ್ನ ಕಂಪ್ಯೂಟರಾಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಆ ಭಾನುವಾರ ಅವನು ಒತ್ತಿದ್ದು ಹೆಂಡತಿಯ ಕಂಪ್ಯೂಟರಿನಲ್ಲಿ.

ಹೆಂಡತಿ ಮಕ್ಕಳ ಕಿವಿ ಪರೀಕ್ಷೆ ಮಾಡುವವಳು. ಯಾವ ಮಗುವಿಗೆ ಯಾವ ದನಿ ಎಷ್ಟು ಕೇಳುತ್ತದೆಂದು ನಕ್ಷೆ ತೆಗೆದುಕೊಡುವ ಪ್ರೋಗ್ರಾಮನ್ನು ತಾನೇ ತಿಣುಕಾಡಿ ಬರೆದುಕೊಂಡಿದ್ದಳು. ಮರುದಿನ ಒಂದು ಪುಟ್ಟ ಹುಡುಗಿಗೆ ಕಿವಿಯ ಯಂತ್ರ ಕೂರಿಸಬೇಕಿತ್ತು. ನಕ್ಷೆ ಇಲ್ಲದೆ ಡಾಕ್ಟರು ಮುಟ್ಟುವವರಲ್ಲ. ಪ್ರೋಗ್ರಾಮ್ ನಡೆಯಬೇಕಾದರೆ ಅದರಡಿಗೆ ತಳಪಾಯದಂತೆ ಇನ್ನೊಂದು ಸಾಫ್ಟ್‌ವೇರ್ ಬೇಕು, ಅದರ ಮೇಲೆ ಪ್ಯಾಕೇಜುಗಳೆಂಬ ಸಿದ್ಧ ಬಿಡಿಭಾಗಗಳೂ ಬೇಕು. ಗಂಡಮಹಾಶಯ ಅಪ್‌ಗ್ರೇಡ್ ಮಾಡಿದ್ದು ಆ ತಳಪಾಯವನ್ನೇ. (ಜನ ಒಳಗೆ ಮಲಗಿರುವಾಗ ಅಡಿಪಾಯ ಬದಲಿಸುವ ಮೇಸ್ತ್ರಿಯನ್ನು ನೀವು ಕಂಡಿದ್ದೀರಾ?)

"ಏನ್ರೀ ಇದು, ನಕ್ಷೆ ಬರ್ತಿಲ್ಲ. ಪ್ಯಾಕೇಜ್ ಸಿಕ್ತಿಲ್ಲ ಅಂತಿದೆ."

"ಅಷ್ಟೇನಾ? ಹೊಸದಕ್ಕೆ ಪ್ಯಾಕೇಜುಗಳನ್ನ ಮತ್ತೆ ಹಾಕ್ಕೋಬೇಕು. ನೀನು ಸ್ನಾನ ಮಾಡಿ ಬರೋದ್ರೊಳಗೆ ಮುಗಿಸ್ತೀನಿ."

ಅವಳ ಸ್ನಾನವಾಯಿತು, ಅಡುಗೆಯಾಯಿತು, ಒಗೆದ ಬಟ್ಟೆಯೂ ಒಣಗಿತು. ಇವನದು ಮಾತ್ರ ಮುಗಿಯಲಿಲ್ಲ. ನಕ್ಷೆಯ ಪ್ಯಾಕೇಜು ಲೆಕ್ಕದ ಪ್ಯಾಕೇಜಿಲ್ಲದೆ ಬರುವುದಿಲ್ಲವೆಂದಿತು. ಲೆಕ್ಕದ ಪ್ಯಾಕೇಜು, ಈ ಹೊಸ ವರ್ಷನ್ ತನಗೆ ಆಗಿಬರುವುದಿಲ್ಲವೆಂದು ಮುನಿಸಿಕೊಂಡ ಬೀಗರಂತೆ ಹೊರಗೇ ನಿಂತಿತು. ಪುಸಲಾಯಿಸಿ ಬೇರೊಂದನ್ನು ಕರೆತಂದರೆ ಪರದೆ ತುಂಬ ಕೆಂಪು ಅಕ್ಷರಗಳು.

ಸೋಫಾದಲ್ಲಿ ಕುಳಿತು ಬಟಾಣಿ ಬಿಡಿಸುತ್ತಿದ್ದ ಅವನ ಅತ್ತೆ ಇಣುಕಿ ನೋಡಿದರು. "ಅಷ್ಟುದ್ದ ಏನೋ ಬರೆದಿದೆಯಲ್ಲ, ಓದಿದ್ರಾ?"

"ಅದು ಎರರ್ ಅತ್ತೆ. ಅದನ್ನ ಯಾರೂ ಓದಲ್ಲ."

ಮಧ್ಯಾಹ್ನದ ಹೊತ್ತಿಗೆ ಅವನ ಮುಖ ಇಂಗು ತಿಂದ ಮಂಗನಂತಾಗಿತ್ತು. ಊಟಕ್ಕೆ ಕುಳಿತವನು ಅನ್ನ ಕಲಸುತ್ತಲೇ ಇದ್ದ. ಕಣ್ಣೆದುರು ಆ ಕಾಣದ ಹುಡುಗಿಯೇ ಬಂದು ನಿಲ್ಲುತ್ತಿದ್ದಳು. ತನ್ನ ಒಂದು ಬೆರಳಿನಿಂದಾಗಿ ಅವಳು ಇನ್ನೆಷ್ಟು ದಿನ ಅಮ್ಮನ ದನಿಗೆ ಕಾಯಬೇಕೋ!

ಕೊನೆಗೆ ಹೆಂಡತಿ ಸಹೋದ್ಯೋಗಿಗೆ ಫೋನ್ ಮಾಡಿದಳು. ಮಾತು ಮುಗಿಸುವಾಗ ಅವಳ ಮುಖ ಅರಳಿತ್ತು.

"ಹೊಸದು ಹಾಕಿದ್ರೂ ಹಳೇದು ಪಕ್ಕದಲ್ಲೇ ಇರುತ್ತಂತೆ ರೀ, ಪ್ಯಾಕೇಜ್ ಸಮೇತ. ಅದರಲ್ಲೇ ನಡೆಸಿದ್ರಾಯ್ತು, ಒಂದು ನಿಮಿಷದ ಕೆಲಸ ಅಂದ್ಲು."

ಗಂಡ ಕೀಬೋರ್ಡಿನ ಮೇಲಿಂದ ಕೈ ತೆಗೆದ.

"ಏನ್ರೀ?"

"ಅದು... ಹೊಸದಕ್ಕೆ ಅಡ್ಡ ಬರ್ತಿದೆ ಅಂತ ಊಟಕ್ಕೆ ಮುಂಚೆ ಕಿತ್ತು ಹಾಕ್ದೆ ಕಣೇ."

"ಪ್ಯಾಕೇಜು?"

"ಬುಡಸಮೇತ."

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಕಂಪ್ಯೂಟರನ್ನು ಚೀಲಕ್ಕೆ ಹಾಕಿಕೊಂಡು, "ನಾನೂ ಬರ್ಲಾ?" ಎಂದವನಿಗೆ "ದಯವಿಟ್ಟು ಬೇಡಿ" ಎಂದು ಸಹೋದ್ಯೋಗಿಯ ಮನೆಗೆ ಹೊರಟಳು.

ಸಂಜೆ ಬಂದಾಗ ಹಳೆಯ ವರ್ಷನ್ ಸ್ವಸ್ಥಾನದಲ್ಲಿ ಪುನಃ ಪ್ರತಿಷ್ಠಾಪನೆಯಾಗಿತ್ತು. ನಕ್ಷೆ ಡಾಕ್ಟರನ್ನು ತಲುಪಿತ್ತು. ಗಂಡನಿಗೆ ಹೋದ ಜೀವ ಬಂದಂತಾಯಿತು. ಅವಳು ಒಳಗೆ ಹೋದದ್ದೇ ತಡ, ಎಲ್ಲ ಸರಿಯಿದೆಯೇ ಎಂದು ಒಂದು ಸಲ ನೋಡಿಬಿಡೋಣವೆಂದು ಕಂಪ್ಯೂಟರ್ ತೆರೆದ. ಅದು ಎಂದೂ ಕೇಳದ ಪಾಸ್‌ವರ್ಡ್ ಕೇಳಿತು.

"ಅತ್ತೆ, ಇದರ ಪಾಸ್‌ವರ್ಡ್ ನಿಮಗೇನಾದ್ರೂ ಗೊತ್ತಾ?" ಎಂದು ಪಿಸುಗುಟ್ಟಿದ.

"ಗೊತ್ತಿಲ್ದೆ ಏನು? ಆಗ್ಲೇ ಫೋನ್ ಮಾಡಿ ಹೇಳಿದ್ಲು," ಎಂದು ಅತ್ತೆ ಬಟಾಣಿ ಸಿಪ್ಪೆ ಗುಡ್ಡೆ ಮಾಡುತ್ತಾ ಹೇಳಿದರು. "ನೀವು ಪಿಸುಪಿಸು ಅಂತ ಕೇಳ್ತೀರಿ ಅಂತಲೂ ಹೇಳಿದ್ಲು."